ಪರದೆಯವನು ಕೊಟ್ಟ ಬಿಸಿಲು

ಹೆಂಡತಿ ಮಲಗುವ ಕೋಣೆಯನ್ನು ಕತ್ತಲು ಮಾಡಿಕೊಟ್ಟವನು ಅವನೇ. ಮದುವೆಯಾದ ಹೊಸದರಲ್ಲಿ ಗಂಡಂದಿರು ಹೆಂಡತಿಗೆ ಬಟ್ಟೆಬರೆ, ಒಡವೆ ಅಂತ ಏನೇನೋ ತಂದುಕೊಡುತ್ತಾರೆ. ಈ ಪುಣ್ಯಾತ್ಮ ಕೂತು ಕತ್ತಲನ್ನು ಹೊಲಿದುಕೊಟ್ಟ. ಅವಳು ಆಸ್ಪತ್ರೆಯೊಂದರಲ್ಲಿ ಎಳೆಗೂಸುಗಳ ವಾರ್ಡಿನ ನರ್ಸು. ಹೆಚ್ಚುಕಮ್ಮಿ ಯಾವಾಗಲೂ ರಾತ್ರಿ ಪಾಳಿ, ಅದೂ ತಾನಾಗಿಯೇ ಕೇಳಿ ತೆಗೆದುಕೊಂಡಿದ್ದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವುದೆಂದರೆ ಅವಳಿಗೆ ಊಟ ನಿದ್ದೆ ಎರಡೂ ಬೇಡ. ಆದರೆ ಬೆಳಗ್ಗೆ ಮನೆಗೆ ಬಂದ ಮೇಲೆ ನಿದ್ದೆ ಬೇಕೇಬೇಕಲ್ಲ. ಅವನ ಕೆಲಸ ಕಿಟಕಿಗಳಿಗೆ ಪರದೆ ಹೊಲಿಯುವುದು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಪರದೆಯವನು ಅಂತ.

ಅವಳಿಗೆಂದು ಹೊಲಿದ ಪರದೆಗೆ ಮುಂದೆ ಕಂದು ಬಣ್ಣದ ದಪ್ಪ ಬಟ್ಟೆ, ಹಿಂದೆ ಅದೇ ಬಣ್ಣದ ಹತ್ತಿ ಬಟ್ಟೆ, ನಡುವೆ ಯಾರ ಕಣ್ಣಿಗೂ ಬೀಳದ ಹಾಗೆ ಎರಡು ಪದರ ಬ್ಲ್ಯಾಕೌಟ್ ಲೈನಿಂಗ್. ಅಂಗಡಿಯಲ್ಲಿ ಜೊತೆಗೆ ಹೊಲಿಯುತ್ತಿದ್ದ ಅವನ ಅಕ್ಕ ಆ ಲೈನಿಂಗಿಗೆ ಕತ್ತಲೆ ಬಟ್ಟೆ ಅಂತಲೇ ಹೆಸರಿಟ್ಟಿದ್ದಳು. ಕೋಣೆಯ ಕಿಟಕಿ ಪೂರ್ವಕ್ಕಿತ್ತು. ಎದುರಿನ ಎತ್ತರದ ಕಟ್ಟಡ ಅಡ್ಡ ಬಂದು ಬಿಸಿಲು ತಡವಾಗಿ, ಅವಳು ಮಲಗಿ ಒಂದೆರಡು ಗಂಟೆಯಾದ ಮೇಲೆ, ನೇರ ಹಾಸಿಗೆಯ ಮೇಲೇ ಬೀಳುತ್ತಿತ್ತು. ಮೂರು ಪರದೆ ತೂಗುಹಾಕಿದ ಮೊದಲ ದಿನ ಅವಳು ಮಧ್ಯಾಹ್ನ ದಾಟುವವರೆಗೆ ಸತ್ತ ಹಾಗೆ ಮಲಗಿ, ಎದ್ದು, ಈಗ ಹಗಲೋ ರಾತ್ರಿಯೋ ಎಂದು ಕೇಳಿದ್ದಳು. ಆ ಮಾತನ್ನು ಅವನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದ. ತನ್ನ ಕಸುಬಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ ಅಂತ ಅವನ ನಂಬಿಕೆ.

ಹೆಂಡತಿಗೆ ನಿದ್ದೆ ಕೊಟ್ಟವನ ನಿದ್ದೆಯೇ ಒಂದು ದಿನ ಕೈಕೊಟ್ಟಿತು. ಅವನು ಮೊದಲೇ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಅವನ ಬಲಗಾಲು ಇಲ್ಲದ ಹೊಲಿಗೆ ಮಶೀನು ತುಳಿಯುತ್ತಲೇ ಇರುತ್ತಿತ್ತು. ನಲವತ್ತು ದಾಟಿದ ಮೇಲೆ ಅದು ಹಾಸಿಗೆಗೂ ಬಂತು. ಹಗಲೆಲ್ಲ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿಕೊಂಡು ಹೊಲಿಯುವುದು, ರಾತ್ರಿಯೆಲ್ಲ ಮಗ್ಗುಲು ಬದಲಿಸುವುದು. ಬೆಳಗಾದರೆ ತಲೆ ಧಿಮ್ಮೆನ್ನುತ್ತಿತ್ತು, ಮುಟ್ಟಿದ್ದಕ್ಕೆಲ್ಲ ಸಿಡುಕು.

ಆಗ ಸಿಕ್ಕಿದವರು ಬಿಸಿಲು ಮೇಷ್ಟ್ರು. ಅವನಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಡ್ರಿಲ್ ಮಾಸ್ತರರು. ದಿನಾ ಬೆಳಗ್ಗೆ ತಾರಸಿಯ ಮೇಲೆ ಬನಿಯನ್ನಿನಲ್ಲಿ ನಿಂತು ಸೂರ್ಯನಿಗೆ ಬೆನ್ನು ಕಾಯಿಸಿಕೊಳ್ಳುತ್ತಿದ್ದರು, ಅದಕ್ಕೇ ಆ ಹೆಸರು. ಮೆಟ್ಟಿಲಿನಲ್ಲಿ ಆಕಳಿಸುತ್ತ ಇಳಿಯುತ್ತಿದ್ದ ಪರದೆಯವನನ್ನು ಅವರು ರಟ್ಟೆ ಹಿಡಿದೇ ಮೇಲಕ್ಕೆ ಕರೆದುಕೊಂಡು ಹೋದರು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರಕ್ಕೆ ಕೀ ಕೊಟ್ಟಂತೆ. ಬೆಳಗ್ಗೆ ಕೀ ಕೊಡದ ಗಡಿಯಾರ ರಾತ್ರಿ ಸರಿಯಾದ ಹೊತ್ತಿಗೆ ಹೇಗೆ ಬಡಿದೀತು ಎಂದು ಕೇಳಿದರು. ಮೂಳೆಗೆ ಒಳ್ಳೆಯದು, ಮನಸ್ಸಿಗೆ ಒಳ್ಳೆಯದು, ಹಸಿವೆಗೆ ಒಳ್ಳೆಯದು ಎಂದು ಇನ್ನೂ ಹತ್ತು ಹೇಳಿದರು. ಅವನು ಅರ್ಧ ನಂಬಿ, ಅರ್ಧ ಅವರ ಹಿಡಿತಕ್ಕೆ ಹೆದರಿ, ಚಹಾ ಲೋಟ ಹಿಡಿದುಕೊಂಡು ದಿನಾ ಹೋಗತೊಡಗಿದ. ತಮಾಷೆಯೆಂದರೆ ಅದು ಫಲಿಸಿಬಿಟ್ಟಿತು. ಕೆಲವೇ ವಾರಗಳಲ್ಲಿ ದಿಂಬಿಗೆ ತಲೆ ಕೊಟ್ಟರೆ ಸಾಕು, ಗೊರಕೆ. ಸಿಡುಕು ಹೋಯಿತು, ಹೊಟ್ಟೆ ಹಸಿಯಿತು, ಮುಖಕ್ಕೆ ಕಳೆ ಬಂತು.

ಇಷ್ಟಾದ ಮೇಲೆ ಅವನು ಸುಮ್ಮನಿದ್ದಾನೆಯೇ? ತನಗೆ ಹಿಡಿಸಿದ್ದು ಊರಿಗೆಲ್ಲ ಹಿಡಿಸಬೇಕು ಅನ್ನುವ ಜಾತಿ ಒಂದಿರುತ್ತದೆ, ಅಂಥವರ ಕೈಗೆ ಸಿಕ್ಕಿದವರನ್ನು ದೇವರೇ ಕಾಪಾಡಬೇಕು. ಪರದೆ ಹೊಲಿಸಲು ಬಂದವರಿಗೆಲ್ಲ ಅವನು ಪೂರ್ವದ ಕಿಟಕಿಗೆ ಪರದೆಯೇ ಬೇಡ ಎಂದು ಬೋಧನೆ ಶುರುಮಾಡಿದ. ಕೆಲವರು ನಕ್ಕರು, ಕೆಲವರು ಪಕ್ಕದ ಅಂಗಡಿಗೆ ಹೋದರು. ಅಕ್ಕ ಕತ್ತರಿ ಕೆಳಗಿಟ್ಟು, ನಾಳೆಯಿಂದ ನಾವಿಬ್ಬರೂ ಬಿಸಿಲನ್ನೇ ಮೀಟರ್ ಲೆಕ್ಕದಲ್ಲಿ ಮಾರೋಣ ಎಂದಳು.

ಹೆಂಡತಿಯ ಮೂಳೆನೋವು ಶುರುವಾದದ್ದು ಆ ಕಾಲಕ್ಕೇ. ಸೊಂಟ, ಮೊಣಕಾಲು, ಹಿಮ್ಮಡಿ. ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ಪಾತಾಳಕ್ಕಿಳಿದಿದೆ, ಹಗಲು ಮಲಗುವವರಿಗೆ ಇದು ಇದ್ದದ್ದೇ ಎಂದು ಮಾತ್ರೆ ಬರೆದುಕೊಟ್ಟರು. ಹೊರಡುವಾಗ, ಸಾಧ್ಯವಾದರೆ ಒಂದಿಷ್ಟು ಬಿಸಿಲಲ್ಲಿ ಕೂತುಕೊಳ್ಳಿ ಎಂದೂ ಹೇಳಿದ್ದರಂತೆ. ಅವಳು ಇದನ್ನು ಮನೆಯಲ್ಲಿ ಸುಮ್ಮನೆ ಮಾತಿಗೆ ಮಾತು ಬಂದು ಹೇಳಿದಳು. ಅವನ ಕಿವಿಗೆ ಮಾತ್ರೆಯ ವಿಷಯ ಬೀಳಲೇ ಇಲ್ಲ. ಬಿಸಿಲು ಎಂಬ ಒಂದೇ ಮಾತು ಬಿತ್ತು.

ಮಾರನೆಯ ಬೆಳಗ್ಗೆ, ಅವಳು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, ಅವನು ಅವಳನ್ನು ತಾರಸಿಗೆ ಎಳೆದುಕೊಂಡು ಹೋದ. ಅವಳು ಗಂಡನ ಮನಸ್ಸು ನೋಯಿಸಬಾರದೆಂದು ಬಿಸಿಲಿಗೆ ಮುಖ ಕೊಟ್ಟು ಕೂತಳು. ಆ ದಿನ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದು, ಸಂಜೆ ಹಾಗೇ ಪಾಳಿಗೆ ಹೋದಳು. ಮರುದಿನ ಅವನು ಮತ್ತೆ ಲೋಟ ಹಿಡಿದು ಬಾಗಿಲಲ್ಲಿ ಕಾದಿದ್ದ. ಅವಳು ಬಸ್ಸಿನಲ್ಲಿ ಹಾಕಿಕೊಂಡು ಬಂದ ಕಪ್ಪು ಕನ್ನಡಕವನ್ನೂ ತೆಗೆಯದೆ ಒಳಗೆ ನಡೆದಳು.

"ನಿಮಗೆ ಅದು ಬೆಳಗ್ಗೆ ಕಣ್ರೀ, ನಂಗೆ ಅದು ರಾತ್ರಿ. ಮಲಗೋ ಹೊತ್ತಲ್ಲಿ ಬಿಸಿಲು ಕುಡಿಸಿದ್ರೆ ನಿದ್ದೆ ಎಲ್ಲಿಂದ ಬರುತ್ತೆ? ಮಾತ್ರೆ ತಗೋತಿದೀನಿ. ರಜೆ ಇದ್ದಾಗ ಸಾಯಂಕಾಲ ಒಂದಿಷ್ಟು ಓಡಾಡ್ತೀನಿ. ಇದನ್ನ ನನಗೆ ಬಿಟ್ಟುಬಿಡಿ."

ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ಆದರೆ ಅವನಿಗೆ ಮೈಯೆಲ್ಲ ಇರುವೆ ಬಿಟ್ಟ ಹಾಗಾಯಿತು. ಅವಳು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುವುದು ಕಂಡರೆ ಅವನು ಓಡಿಹೋಗಿ ಕೈಕೊಡುತ್ತಿದ್ದ. ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ, ಇತ್ತು, ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಕೈಗೆಟುಕುವಷ್ಟು ದೂರದಲ್ಲಿ ಔಷಧ ಬಿದ್ದಿದೆ, ಅದಕ್ಕೆ ಅಡ್ಡ ನಿಂತಿರುವುದು ತನ್ನದೇ ಹೊಲಿಗೆ ಎಂದು ಅವನು ಕೂತಲ್ಲಿ ನಿಂತಲ್ಲಿ ಯೋಚಿಸಿದ.

ಒಂದು ಸಂಜೆ ಅವಳು ಪಾಳಿಗೆ ಹೊರಟ ಮೇಲೆ ಅವನು ಮಲಗುವ ಕೋಣೆಯ ಎಡಗಡೆಯ ಪರದೆಯನ್ನು ಕೊಂಡಿಗಳಿಂದ ಇಳಿಸಿದ. ಕೆಳಗಿನ ಅಂಚಿನ ಹೊಲಿಗೆ ಬಿಚ್ಚಿ, ಒಳಗಿನ ಎರಡು ಪದರದಲ್ಲಿ ಒಂದನ್ನು ಹೊರಗೆಳೆದು, ಅದೇ ನೂಲಿನಿಂದ ಅದೇ ತೂತುಗಳಲ್ಲೇ ಹೊಲಿದು, ಇಸ್ತ್ರಿ ಮಾಡಿ ಮತ್ತೆ ತೂಗುಹಾಕಿದ. ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಅದೇ ಪರದೆ. ಮುಂದಿನ ವಾರ ನಡುವಿನದು, ಅದರ ಮುಂದಿನ ವಾರ ಬಲಗಡೆಯದು. ಏನನ್ನೂ ಒಮ್ಮೆಲೇ ಮಾಡಲಿಲ್ಲ. ಹೊಸ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ ಒಗ್ಗಿಸಿದ ಹಾಗೆ ಅವಳನ್ನು ಬೆಳಕಿಗೆ ಒಗ್ಗಿಸುತ್ತೇನೆ, ಮಲಗಿದಲ್ಲೇ ಮೈಗೆ ಬಿಸಿಲು ಇಳಿಯಲಿ, ಅವಳ ನಿದ್ದೆಯೂ ಕೆಡಬಾರದು, ಮೂಳೆಯೂ ಗಟ್ಟಿಯಾಗಬೇಕು ಎಂಬುದು ಅವನ ಲೆಕ್ಕಾಚಾರ. ಅಷ್ಟು ನಾಜೂಕಿನ ಕೆಲಸವನ್ನು ಅವನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

ಅವಳು ಕತ್ತಲಲ್ಲೇ ಮಲಗುತ್ತಿದ್ದಳು, ಎದುರಿನ ಕಟ್ಟಡ ದಾಟಿ ಬಿಸಿಲು ಬರುವ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು, ಕೋಣೆ ಸ್ವಲ್ಪ ಬೆಳ್ಳಗಿದೆ ಅನ್ನಿಸುತ್ತಿದೆಯಲ್ಲ ಎಂದು ಒಂದು ದಿನ ಕೇಳಿಯೂ ಕೇಳಿದಳು. ಅವನು ಕಣ್ಣು ತಪ್ಪಿಸಿ, ಬೇಸಿಗೆ ಬಂತಲ್ಲ, ಈ ವರ್ಷ ಬಿಸಿಲು ಜೋರು ಎಂದುಬಿಟ್ಟ. ಮದುವೆಯಾದಾಗಿನಿಂದ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಅದೇ ಅತಿ ಚಿಕ್ಕದು ಎಂದು ಅವನಿಗೆ ಕಂಡಿತು.

ಅಲ್ಲಿಂದ ಆ ಮನೆಯಲ್ಲಿ ನೆಮ್ಮದಿ ಇಲ್ಲವಾಯಿತು. ಎರಡು ಗಂಟೆ ಮಲಗುತ್ತಾಳೆ, ಏಳುತ್ತಾಳೆ, ನೀರು ಕುಡಿಯುತ್ತಾಳೆ, ಮತ್ತೆ ಮಲಗುತ್ತಾಳೆ, ಮತ್ತೆ ಏಳುತ್ತಾಳೆ. ಒಲೆಯ ಮೇಲೆ ಹಾಲಿಟ್ಟು ಮರೆತಳು. ಮನೆಯ ಬೀಗದಕೈ ಬಾಗಿಲಲ್ಲೇ ಬಿಟ್ಟುಹೋದಳು. ನೆರೆಮನೆಯವಳ ಮಗಳ ಹೆಸರು ಬಾಯಿಗೆ ಬರದೆ ಮೆಟ್ಟಿಲಲ್ಲಿ ತಡವರಿಸಿ ನಿಂತಳು. ಅವನು ಗಾಬರಿಯಾಗಿ, ಹೆಂಡತಿಯ ಹೆಸರೆತ್ತದೆ, ಬೆಳಕು ಹೊಸದಾದವರಿಗೆ ಮೈ ಹಟ ಮಾಡುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದ. ಮೊದಮೊದಲು ಹಾಗೇ, ಬಿಡಬಾರದು ಎಂದರು ಅವರು. ಪಾಪ, ಅವರಿಗೇನು ಗೊತ್ತು. ಇವನು ಮನೆಗೆ ಬಂದು ಉಳಿದಿದ್ದ ಒಂದು ಪದರವನ್ನೂ ಕಿತ್ತು, ಅದರ ಜಾಗಕ್ಕೆ ತೆಳು ಹತ್ತಿ ಬಟ್ಟೆ ಹಾಕಿದ. ಈಗ ಮೂರೂ ಪರದೆಗಳ ಒಳಗೆ ಕತ್ತಲೆಂಬುದೇ ಇರಲಿಲ್ಲ.

ಕಿತ್ತ ಲೈನಿಂಗನ್ನು ಮನೆಯಲ್ಲಿ ಇಡಲಾರದೆ ಅಂಗಡಿಯ ಚಿಂದಿ ಮೂಟೆಗೆ ತುರುಕಿದ್ದ. ಇಸ್ತ್ರಿ ಮೇಜಿಗೆ ಹಾಸಲು ಏನಾದರೂ ಸಿಗುತ್ತದೇನೋ ಎಂದು ಮೂಟೆ ಕೆದಕಿದ ಅಕ್ಕನ ಕೈಗೆ ಅದು ಸಿಕ್ಕಿತು. ಅಂಚಿನಲ್ಲಿ ಒಂದು ಕಾಲದಲ್ಲಿ ತಾನೇ ಹಾಕಿದ್ದ ಕೈಹೊಲಿಗೆ ಅವಳಿಗೆ ಗುರುತು ಹತ್ತದೆ ಇರುತ್ತದೆಯೇ? ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ಇದು ನಿನ್ನ ಮನೆಯದಲ್ಲವೇನೋ ಎಂದು ಕೇಳಿದಳು. ಅವನು ಮಶೀನು ನಿಲ್ಲಿಸದೆ, ಒಳ್ಳೆಯದಕ್ಕೇ ಮಾಡಿದ್ದು ಎಂದು ಎಲ್ಲ ಹೇಳಿದ.

"ಅವಳಿಗೆ ಹೇಳಿದ್ದೀಯಾ?"

"ಹೇಳಿದ್ರೆ ಒಪ್ಪಲ್ಲ ಅಕ್ಕ."

"ಒಪ್ಪಲ್ಲ ಅಂತ ಗೊತ್ತಿದ್ದೂ ಮಾಡಿದ್ದೀಯಲ್ಲೋ. ಅದಕ್ಕೆ ಏನಂತಾರೆ ಅಂತ ನೀನೇ ಹೇಳು."

ಅವನು ಮಶೀನನ್ನು ಇನ್ನೂ ಜೋರಾಗಿ ತುಳಿದ. ಮೂಳೆನೋವು ವಾಸಿಯಾದ ದಿನ ತಾನೇ ಎಲ್ಲ ಹೇಳಿ, ಅವಳನ್ನು ನಗಿಸಬಹುದು ಎಂದುಕೊಂಡಿದ್ದ. ಆ ನಗುವಿನ ಆಸೆಯಲ್ಲೇ ದಿನ ದೂಡುತ್ತಿದ್ದ. ಆದರೂ ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಶೀನಿನಿಂದ ಎದ್ದು ಬಾಗಿಲಿಗೆ ಬರುವುದು, ಬಾಗಿಲಿನಿಂದ ಮಶೀನಿಗೆ ಹೋಗುವುದು. ಒಂದೇ ಪರದೆಯನ್ನು ಎರಡು ಸಲ ಅಳೆದು, ಎರಡು ಸಲವೂ ತಪ್ಪಾಗಿ ಕತ್ತರಿಸಿದ. ಅಕ್ಕ ಹಾಳಾದ ಬಟ್ಟೆಯನ್ನು ದಿಂಬಿನ ಚೀಲಕ್ಕೆ ಎತ್ತಿಟ್ಟಳು.

ಅವನಿಗೆ ಗೊತ್ತಿಲ್ಲದ ಒಂದು ಮಾತಿತ್ತು. ಗೊತ್ತಿಲ್ಲ ಎನ್ನುವುದಕ್ಕಿಂತ, ಗೊತ್ತಿದ್ದೂ ಅವನು ಇದಕ್ಕೆ ಜೋಡಿಸಿ ನೋಡದ ಮಾತು. ಹೆಂಡತಿಯ ತಾಯಿ ಐವತ್ತು ದಾಟುವ ಮೊದಲೇ ಮರೆವಿನ ಕಾಯಿಲೆಗೆ ಬಿದ್ದು, ಕೊನೆಗೆ ಹೆತ್ತ ಮಕ್ಕಳನ್ನೇ ಯಾರು ನೀವು ಎಂದು ಕೇಳುತ್ತ ಹೋದವರು. ಅದು ಶುರುವಾದದ್ದು ನಿದ್ದೆ ಕೆಟ್ಟು. ಹೆಂಡತಿ ಇದನ್ನು ಮದುವೆಗೆ ಮುಂಚೆಯೇ ಅವನಿಗೆ ಹೇಳಿದ್ದಳು, ಮುಚ್ಚಿಟ್ಟಿರಲಿಲ್ಲ.

ಒಂದು ಬೆಳಗ್ಗೆ ಅವಳು ಬಂದವಳು ಚಪ್ಪಲಿ ಬಿಡಲಿಲ್ಲ, ಕೈಚೀಲ ಇಳಿಸಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಹಾಗೇ ಕೂತಳು. ತಾರಸಿಯಿಂದ ಹಸನ್ಮುಖಿಯಾಗಿ ಇಳಿದು ಬಂದ ಅವನು ಏನಾಯಿತೆಂದು ಕೇಳಿದ. ಬೆಳಗಿನ ಜಾವ ಒಂದು ಕೂಸಿಗೆ ಕೊಡಬೇಕಾದ ಔಷಧವನ್ನು ಅವಳು ಪಕ್ಕದ ತೊಟ್ಟಿಲಿನ ಕೂಸಿಗೆ ಕೊಡಲು ಹೋಗಿದ್ದಳು. ಜೊತೆಯ ನರ್ಸು ಕಂಡು ಮಣಿಕಟ್ಟು ಹಿಡಿದುಕೊಂಡಳು. ಔಷಧ ಕೂಸಿನ ಮೈಗೆ ಹೋಗಲಿಲ್ಲ, ಏನೂ ಆಗಲಿಲ್ಲ. ಇಷ್ಟನ್ನು ಅವಳು ಬೇರೆಯವರ ಕತೆ ಹೇಳಿದ ಹಾಗೆ ಹೇಳಿದಳು.

"ಕೂಸಿನ ಕಾಲಿಗೆ ಕಟ್ಟಿದ್ದ ಹೆಸರಿನ ಪಟ್ಟಿ ಓದಿದೆ ಕಣ್ರೀ. ಕಣ್ಣಲ್ಲಿ ಓದಿದ್ದು ತಲೆಗೆ ಹೋಗ್ಲಿಲ್ಲ." ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, "ಅಮ್ಮನಿಗೂ ಹೀಗೇ ಶುರುವಾಗಿದ್ದು" ಎಂದಳು.

ಆ ಕ್ಷಣ ಅವನು ಬಾಯಿ ಬಿಟ್ಟಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವನು ನುಂಗಿಕೊಂಡ. ಹೆದರಿದ ಮನುಷ್ಯ ಮೊದಲು ಹುಡುಕುವುದು ಸದ್ದಿಲ್ಲದೆ ಜಾರಿಕೊಳ್ಳುವ ದಾರಿಯನ್ನು. ಅವನಿಗೂ ಒಂದು ದಾರಿ ಕಂಡಿತು. ಬಿಚ್ಚಿದ್ದನ್ನು ಮತ್ತೆ ಹೊಲಿದರಾಯಿತು, ಅವಳು ಮೊದಲಿನ ಹಾಗೆ ಮಲಗುತ್ತಾಳೆ, ಮಲಗಿದರೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಏನಿಲ್ಲ, ದಣಿವು ಅಷ್ಟೆ ಎಂದು ಅವಳ ಬೆನ್ನು ಸವರಿ ಅಂಗಡಿಗೆ ಓಡಿದ.

ಆ ಸಂಜೆ ಅವಳು ಹೊರಟದ್ದೇ ತಡ, ಮೂರೂ ಪರದೆ ಇಳಿಸಿ ಕೂತ. ಹೊಸ ಲೈನಿಂಗ್, ಎರಡಲ್ಲ, ಮೂರು ಪದರ. ಬೆರಳಿಗೆ ಸೂಜಿ ಚುಚ್ಚಿದರೂ ನಿಲ್ಲಿಸಲಿಲ್ಲ. ತೂಗುಹಾಕಿ, ಹಿಂದೆ ದೀಪ ಹಿಡಿದು, ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ನುಸುಳುತ್ತದೆಯೇ ಎಂದು ಮೂಲೆಮೂಲೆ ನೋಡಿದ. ನುಸುಳಲಿಲ್ಲ. ಮರುದಿನ ಅವಳು ಬಂದು ಮಲಗಿದಳು. ಅವನು ಅಂಗಡಿಗೆ ಹೋಗದೆ, ಪಕ್ಕದ ಕೋಣೆಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಶತಪಥ ಹಾಕಿದ. ಬಿಸಿಲು ಬರುವ ಹೊತ್ತು ಬಂತು, ದಾಟಿತು, ಒಳಗಿನಿಂದ ಸದ್ದಿಲ್ಲ. ಮಧ್ಯಾಹ್ನ ಕಳೆದರೂ ಸದ್ದಿಲ್ಲ. ಅವನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು, ಅವಳಿಗಿಷ್ಟವಾದ ಬ್ರೆಡ್ಡು ತಂದು, ಚಹಾಕ್ಕೆ ನೀರಿಟ್ಟ.

ಇಳಿಹೊತ್ತಿಗೆ ಎದ್ದು ಬಂದ ಅವಳ ಮುಖ ತಿಂಗಳುಗಳ ನಂತರ ತಿಳಿಯಾಗಿತ್ತು. ಚಹಾ ಕುಡಿದಳು. ಕುಡಿದು, ಸಂಜೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ನರ ಹತ್ತಿರ ಹೋಗಿ ವಾರ್ಡು ಬಿಡುತ್ತೇನೆಂದು ಹೇಳುವುದಾಗಿ, ಸಾಧ್ಯವಾದರೆ ಕೆಲಸವನ್ನೇ ಬಿಡುವುದಾಗಿ ತಿಳಿಸಿದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಇವತ್ತು ಚೆನ್ನಾಗಿ ನಿದ್ದೆ ಬಂತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ, ಒಂದು ವಾರ ರಜೆ ಹಾಕು ಎಂದು ತೊದಲಿದ.

"ಅಮ್ಮನಿಗೂ ಮಧ್ಯೆ ಮಧ್ಯೆ ಒಳ್ಳೆ ದಿನ ಬರ್ತಿತ್ತು" ಎಂದಳು ಅವಳು. "ಒಂದು ದಿನ ಚೆನ್ನಾಗಿ ಮಲಗಿದೆ ಅಂತ ನನ್ನನ್ನ ನಾನು ನಂಬಕ್ಕಾಗಲ್ಲ. ಅಂಗೈಯಷ್ಟಿರೋ ಮಕ್ಕಳು ಕಣ್ರೀ ಅವು. ಯಾಕೆ ಹೀಗಾಯ್ತು ಅಂತ ನಂಗೇ ಗೊತ್ತಿಲ್ದೆ ಇರುವಾಗ, ನಾಳೆ ಆಗಲ್ಲ ಅಂತ ಹೇಗೆ ಹೇಳಲಿ?"

ಅವಳು ಎದ್ದು ಹೋಗಿ ಬಟ್ಟೆ ಬದಲಿಸಿದಳು. ತಲೆ ಬಾಚಿಕೊಂಡಳು. ದಿನಾ ಮಾಡುವ ಹಾಗೇ ಊಟದ ಡಬ್ಬಿ ತುಂಬಿಕೊಂಡಳು. ಅವನು ಅಡುಗೆಮನೆಗೂ ಕೋಣೆಗೂ ನಡುವೆ ಬೋನಿಗೆ ಬಿದ್ದವನ ಹಾಗೆ ತಿರುಗಿದ. ಪರದೆ ಸರಿಹೋದದ್ದು ಅವನಿಗೆ ಮಾತ್ರ ಗೊತ್ತು. ಹೊಲಿಗೆ ಹಾಕಿದ ಹಾಗೆ ಅವಳ ತಲೆಯೊಳಗಿನ ಭಯವನ್ನು ಸದ್ದಿಲ್ಲದೆ ತೆಗೆದುಹಾಕುವ ಕೆಲಸ ಅವನಿಗೆ ಬರುತ್ತಿರಲಿಲ್ಲ. ಹೇಳದಿದ್ದರೆ ಅವಳ ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವಳು ತನಗೆ ತಾಯಿಯ ಕಾಯಿಲೆ ಎಂದು ನಂಬಿಕೊಂಡೇ ಉಳಿದ ಬದುಕು ಬದುಕುತ್ತಾಳೆ. ಹೇಳಿದರೆ ಏನಾಗುತ್ತದೋ ಅದನ್ನು ಯೋಚಿಸಲೂ ಅವನಿಗೆ ಧೈರ್ಯ ಸಾಲಲಿಲ್ಲ. ಅವಳು ಚಪ್ಪಲಿಗೆ ಕಾಲು ತೂರಿಸಿದಳು.

"ನಿನಗೆ ಏನೂ ಆಗಿಲ್ಲ" ಎಂದ ಅವನು. "ನಾನೇ ಮಾಡಿದ್ದು. ಪರದೆ ಒಳಗಿನ ಲೈನಿಂಗ್ ತೆಗೆದಿದ್ದೆ. ನಿನ್ನ ಮೈಗೆ ಬಿಸಿಲು ಬೀಳ್ಲಿ ಅಂತ. ನಿನ್ನೆ ಮತ್ತೆ ಹಾಕಿದೆ, ಅದಕ್ಕೇ ಇವತ್ತು ನಿದ್ದೆ ಬಂತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಬೇಕಾಯಿತು, ಮೊದಲಿನಿಂದ, ಯಾವ ವಾರ ಯಾವ ಪರದೆ ಎಂದೆಲ್ಲ. ಅವಳು ಕೋಣೆಗೆ ಹೋಗಿ ಪರದೆಯ ಕೆಳಗಿನ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದಳು. ಹೊಸ ಲೈನಿಂಗು ಗಡುಸಾಗಿತ್ತು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು, ಅವಳು ಕೂಗಾಡಲಿಲ್ಲ.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

"ಎರಡು ತಿಂಗಳು ನಾನು ಅಮ್ಮನ್ನ ನೆನೆಸ್ಕೊಂಡು ಹೆದರ್ಕೊಂಡು ಕೂತಿದ್ದೆ. ನೀವು ಪಕ್ಕದಲ್ಲೇ ಕೂತಿದ್ರಿ."

ಅವನು, ನೀನು ಇದಕ್ಕೆ ಅಮ್ಮನ ಮಾತೆತ್ತಿದ್ದು ನಿನ್ನೆ ಬೆಳಗ್ಗೆಯೇ ಮೊದಲು, ನನಗೆ ಹೊಳೆಯಲಿಲ್ಲ ಎಂದ. ಹಾಗೆ ಹೇಳುವಾಗಲೇ ಅವನಿಗೆ ಒಲೆಯ ಮೇಲೆ ಉಕ್ಕಿದ ಹಾಲು, ಮೆಟ್ಟಿಲಲ್ಲಿ ತಡವರಿಸಿ ನಿಂತವಳ ಮುಖ ನೆನಪಾಗಿ ಮಾತು ಅರ್ಧಕ್ಕೇ ನಿಂತಿತು. ನಿನ್ನ ಮೂಳೆಗೆ ಒಳ್ಳೆಯದಾಗಲಿ ಅಂತ ಎಂದು ಇನ್ನೊಂದು ತುದಿ ಹಿಡಿದ.

"ಗಾಜು ಮುಚ್ಚೇ ಇತ್ತಲ್ಲ" ಎಂದಳು ಅವಳು, ವಾರ್ಡಿನಲ್ಲಿ ಹೊಸ ತಾಯಂದಿರಿಗೆ ತಿಳಿಸಿ ಹೇಳುವ ದನಿಯಲ್ಲೇ. "ಕಿಟಕಿ ಗಾಜು ದಾಟಿ ಬರೋ ಬಿಸಿಲಲ್ಲಿ ಮೈಯಲ್ಲಿ ಆ ವಿಟಮಿನ್ ಹುಟ್ಟಲ್ಲ. ಬೆಳಕು ಬರುತ್ತೆ, ಶಾಖ ಬರುತ್ತೆ, ಅದು ಮಾತ್ರ ಬರಲ್ಲ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ನೆಲ ಬಿರಿದು ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಕದ್ದ ನಿದ್ದೆಗೆ ಬದಲು ಒಂದು ಗುಲಗಂಜಿಯಷ್ಟೂ ಒಳ್ಳೆಯದನ್ನು ಅವನು ಕೊಟ್ಟಿರಲಿಲ್ಲ. ಅವಳು ಡಬ್ಬಿ ಎತ್ತಿಕೊಂಡು ಹೊರಟಳು. ಮೆಟ್ಟಿಲ ತಿರುವಿನಲ್ಲಿ ಎಂದಿನ ಹಾಗೆ ಹೋಗಿ ಬರುತ್ತೇನೆ ಅನ್ನಲಿಲ್ಲ.

ಮೇಟ್ರನ್ನರ ಹತ್ತಿರ ಅವಳು ಕೆಲಸ ಬಿಡುವ ಮಾತು ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು. ನಿದ್ದೆಗೆಟ್ಟಿದ್ದೆ, ಕಾರಣ ಸಿಕ್ಕಿದೆ, ಎರಡು ವಾರ ಔಷಧ ಕೊಡುವ ಕೆಲಸದಲ್ಲಿ ಇನ್ನೊಬ್ಬರನ್ನು ಜೊತೆಗಿಡಿ ಎಂದಷ್ಟೇ ಕೇಳಿಕೊಂಡಳಂತೆ. ಕೆಲಸ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ತಲೆ ತನ್ನ ಕೈಯಲ್ಲೇ ಇದೆ ಎಂಬುದು ಅವಳಿಗೆ ಗಟ್ಟಿಯಾಯಿತು. ಅಷ್ಟರಮಟ್ಟಿಗೆ ಅವನು ಬಾಯಿ ಬಿಟ್ಟದ್ದು ವ್ಯರ್ಥವಾಗಲಿಲ್ಲ.

ಆದರೆ ಮರುದಿನ ಬೆಳಗ್ಗೆ ಅವಳು ಮನೆಗೆ ಬರಲಿಲ್ಲ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಲ್ಕನಿಯಲ್ಲಿ ಕಾದ. ಬಸ್ಸು ಬಂತು, ಹೋಯಿತು. ಅವಳು ಫೋನು ಎತ್ತಲಿಲ್ಲ. ಆಸ್ಪತ್ರೆಗೆ ಓಡಿದರೆ ಆಗಲೇ ಹೊರಟರು ಎಂದರು. ಏದುಸಿರು ಬಿಡುತ್ತ ಅಂಗಡಿಗೆ ಬಂದರೆ, ಅಕ್ಕ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಅಂಗಡಿಯ ಹಿಂದೆ ಬಟ್ಟೆಯ ಥಾನುಗಳನ್ನು ಪೇರಿಸಿಡುವ ಕೋಣೆಯೊಂದಿತ್ತು. ಕಿಟಕಿಯಿಲ್ಲ, ನಾಲ್ಕು ಗೋಡೆ, ಒಂದು ಬಾಗಿಲು. ಥಾನುಗಳನ್ನು ಒಂದು ಕಡೆ ಸರಿಸಿ, ಹಾಸಿಗೆ ಹಾಕಿಸಿಕೊಂಡು ಅವಳು ಒಳಗೆ ಮಲಗಿದ್ದಳು. ಅತ್ತಿಗೆ, ಸ್ವಲ್ಪ ಜಾಗ ಕೊಡಿ ಎಂದು ಕೇಳಿದಳಂತೆ, ಅಷ್ಟೇ.

ಅಲ್ಲಿಂದ ಅದೇ ರೂಢಿಯಾಯಿತು. ಬೆಳಗ್ಗೆ ಅಂಗಡಿಯಲ್ಲಿ ಮಲಗುವುದು, ಇಳಿಹೊತ್ತಿಗೆ ಎದ್ದು ಮನೆಗೆ ಬಂದು ಅಡುಗೆ, ಮಾತುಕತೆ, ಎಲ್ಲ ಮೊದಲಿನ ಹಾಗೇ. ಅವನ ಮೇಲೆ ಮುಖ ಊದಿಸಿಕೊಂಡಿರಲಿಲ್ಲ. ಅವನು ಬೆಳಗ್ಗೆ ತಾರಸಿಗೆ ಹೋಗುತ್ತಾನೋ ಇಲ್ಲವೋ ಎಂದೂ ವಿಚಾರಿಸಿದಳು. ಅವನು ಹೋಗುತ್ತಿದ್ದ, ಬೆನ್ನಿಗೆ ಬಿಸಿಲು ಬೀಳುತ್ತಿತ್ತು, ರಾತ್ರಿ ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ನಿಲ್ಲಿ ಎಂದರು. ಅವನು ನಿಂತ, ಲೋಟದ ಚಹಾ ಆರಿತು.

ಅವಳು ಮಲಗಿರುವಷ್ಟು ಹೊತ್ತು ಅಂಗಡಿಯಲ್ಲಿ ಮಶೀನು ಹಾಕುವಂತಿರಲಿಲ್ಲ. ಅವನು ಅಂಚುಗಳನ್ನೆಲ್ಲ ಕೈಯಲ್ಲೇ ಹೊಲಿದ. ಕಾಲು ತುಳಿಯಲು ಹೋಗಿ ಹೋಗಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವಳು ಎದ್ದು ಬಂದು, ಮುಖ ತೊಳೆದು, ಅವನ ಎದುರಿನ ಸ್ಟೂಲಿನಲ್ಲಿ ಕೂತಳು. ಅಕ್ಕ ಹೊರಗೆ ಹೋಗಿದ್ದಳು. ಅವನು ಸೂಜಿ ಕೆಳಗಿಟ್ಟು, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದ. ಮನೆಯ ಪರದೆಗೆ ಮೂರು ಪದರ ಹಾಕಿದ್ದೇನೆ, ಅಲ್ಲಿ ಇಲ್ಲಿಗಿಂತ ಕತ್ತಲು, ನೀನೇ ಒಂದು ದಿನ ಮಲಗಿ ನೋಡಿದ್ದೀಯಲ್ಲ, ಇನ್ನು ಮನೆಗೇ ಬಂದು ಮಲಗಬಾರದೇ ಎಂದ.

ಅವಳು ಅವನ ಮಡಿಲಲ್ಲಿದ್ದ ಅರ್ಧ ಹೊಲಿದ ಪರದೆಯನ್ನು ನೋಡಿದಳು. ಕೋಪದಿಂದೇನೂ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಿಮ್ಮ ಪರದೆ ಚೆನ್ನಾಗಿದೆ ಕಣ್ರೀ. ಆದ್ರೆ ಕಣ್ಣು ಮುಚ್ಚಿದ ತಕ್ಷಣ ಇವತ್ತು ಒಳಗೆ ಎಷ್ಟು ಪದರ ಇದೆಯೋ ಅನ್ಸುತ್ತೆ. ಇಲ್ಲಿ ಗೋಡೆ. ಗೋಡೆನ ಯಾರೂ ಬಿಚ್ಚಿ ಹೊಲಿಯಕ್ಕಾಗಲ್ಲ."

ಅವನು ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸಲು ಹೋದ. ಬೆಳಕು ಬೇಕಾದಷ್ಟಿತ್ತು, ನೂಲು ಮಾತ್ರ ಸೂಜಿಯ ಕಣ್ಣಿನೊಳಗೆ ಹೋಗಲಿಲ್ಲ. ಅವಳು ಅವನ ಕೈಯಿಂದ ಸೂಜಿ ತೆಗೆದುಕೊಂಡು ಪೋಣಿಸಿಕೊಟ್ಟು, ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದಳು.